ಹೆಲೆನ್ ಕೆಲ್ಲರ್: ನೀರಿನ ಪಂಪಿನ ಕಥೆ ಮುಗಿದ ಮೇಲೆ ಬಾಳಿದ 81 ವರ್ಷ

ಅಮೆರಿಕದ ಸಂಸತ್ ಭವನದಲ್ಲಿ ಪ್ರತಿ ರಾಜ್ಯಕ್ಕೂ ತನ್ನ ಇಬ್ಬರು ಗಣ್ಯರ ಪ್ರತಿಮೆ ಇಡಲು ಅವಕಾಶವಿದೆ. ಹೆಚ್ಚಿನ ರಾಜ್ಯಗಳು ಸೇನಾಪತಿಗಳನ್ನೋ ರಾಜಕಾರಣಿಗಳನ್ನೋ ನಿಲ್ಲಿಸಿವೆ. ಅಲಬಾಮಾ 2009ರಲ್ಲಿ ಕಳಿಸಿದ್ದು ಒಬ್ಬ ಪುಟ್ಟ ಹುಡುಗಿಯ ಕಂಚಿನ ಪ್ರತಿಮೆಯನ್ನು. ಕೈಪಂಪಿನ ಪಕ್ಕ ನಿಂತ ಆ ಹುಡುಗಿ ಹೆಲೆನ್ ಕೆಲ್ಲರ್.

ನಮ್ಮ ಶಾಲಾ ಪಾಠಗಳಲ್ಲಿ, ಭಾಷಣ ಸ್ಪರ್ಧೆಗಳಲ್ಲಿ, ವಿಶ್ವ ಅಂಗವಿಕಲರ ದಿನದ ಕಾರ್ಯಕ್ರಮಗಳಲ್ಲಿ ಬರುವ ಹೆಲೆನ್ ಕೂಡ ಇದೇ ಹುಡುಗಿ. ಕಣ್ಣು ಕಾಣದ, ಕಿವಿ ಕೇಳದ ಮಗುವಿನ ಒಂದು ಕೈ ಮೇಲೆ ನೀರು ಸುರಿಯುತ್ತದೆ, ಇನ್ನೊಂದು ಕೈ ಮೇಲೆ ಟೀಚರ್ ಅಕ್ಷರ ಬರೆಯುತ್ತಾರೆ, ಮಗುವಿಗೆ ಭಾಷೆ ಹೊಳೆಯುತ್ತದೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಆ ಘಟನೆ ನಡೆದಾಗ ಹೆಲೆನ್‌ಗೆ ಇನ್ನೂ ಏಳು ತುಂಬಿರಲಿಲ್ಲ. ಆಕೆ ತೀರಿಕೊಂಡದ್ದು 88 ತುಂಬಲು 26 ದಿನ ಬಾಕಿ ಇದ್ದಾಗ. ನಡುವಿನ 81 ವರ್ಷ ಆಕೆ ಸುಮ್ಮನೆ ಕೂತವರಲ್ಲ. ಪದವಿ ಪಡೆದರು, ಪುಸ್ತಕ ಬರೆದರು, ಮುಷ್ಕರ ನಿರತ ಕಾರ್ಮಿಕರ ಪರ ನಿಂತರು, ಯುದ್ಧವನ್ನು ವಿರೋಧಿಸಿದರು, ಒಂದು ದೊಡ್ಡ ತಪ್ಪನ್ನೂ ಮಾಡಿದರು. ಅಮೆರಿಕದ ಸಾರ್ವಜನಿಕ ಪ್ರಸಾರ ವಾಹಿನಿ ಪಿಬಿಎಸ್ 2021ರ ಅಕ್ಟೋಬರ್‌ನಲ್ಲಿ ತನ್ನ ಅಮೆರಿಕನ್ ಮಾಸ್ಟರ್ಸ್ ಸರಣಿಯಲ್ಲಿ ಆಕೆಯ ಮೇಲೆ ಸಾಕ್ಷ್ಯಚಿತ್ರ ಪ್ರಸಾರ ಮಾಡಿದಾಗ ಹೇಳಹೊರಟದ್ದು ಈ ಮರೆತುಹೋದ ಭಾಗವನ್ನೇ. ಕಣ್ಣು ಕಾಣದವರೂ ಕಿವಿ ಕೇಳದವರೂ ಅನುಸರಿಸಲು ಆಗುವಂತೆ ಅದಕ್ಕೆ ಸನ್ನೆ ಭಾಷೆ, ಉಪಶೀರ್ಷಿಕೆ, ದೃಶ್ಯಗಳ ಮೌಖಿಕ ವಿವರಣೆ ಎಲ್ಲವನ್ನೂ ಸೇರಿಸಲಾಗಿತ್ತು.

19 ತಿಂಗಳಿಗೆ ಕವಿದ ಕತ್ತಲು

ಹೆಲೆನ್ ಹುಟ್ಟಿದ್ದು 1880ರ ಜೂನ್ 27ರಂದು, ಅಲಬಾಮಾದ ಟಸ್ಕಂಬಿಯಾ ಎಂಬ ಸಣ್ಣ ಊರಿನಲ್ಲಿ. ತಂದೆ ಆರ್ಥರ್ ಕೆಲ್ಲರ್ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆಯ ಕ್ಯಾಪ್ಟನ್ ಆಗಿದ್ದವರು, ಆಮೇಲೆ ಸ್ಥಳೀಯ ಪತ್ರಿಕೆಯೊಂದರ ಸಂಪಾದಕರು. ಒಂದು ಕಾಲಕ್ಕೆ ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನ ಅದು. ತಾಯಿ ಕೇಟ್ ಓದಿನ ಹುಚ್ಚಿನವರು.

1882ರ ಫೆಬ್ರವರಿಯಲ್ಲಿ, ಮಗುವಿಗೆ 19 ತಿಂಗಳಾಗಿದ್ದಾಗ ವಿಪರೀತ ಜ್ವರ ಬಂತು. ಅದು ಯಾವ ಕಾಯಿಲೆಯೆಂದು ಇಂದಿಗೂ ಖಚಿತವಿಲ್ಲ, ಮೆದುಳು ಪೊರೆಯ ಉರಿಯೂತ ಇರಬಹುದೆಂದು ಊಹಿಸುವವರಿದ್ದಾರೆ. ಜ್ವರ ಇಳಿಯಿತು, ದೃಷ್ಟಿ ಮತ್ತು ಶ್ರವಣ ಎರಡೂ ಹೋಗಿದ್ದವು.

ಮುಂದಿನ ಐದು ವರ್ಷ ಹೆಲೆನ್ ತನ್ನದೇ ಸನ್ನೆಗಳಲ್ಲಿ ಬದುಕಿದಳು. ಅಡುಗೆಯವಳ ಮಗಳು ಮಾರ್ಥಾ ವಾಷಿಂಗ್ಟನ್ ಎಂಬ ಕಪ್ಪು ಹುಡುಗಿಗೆ ಆ ಸನ್ನೆಗಳು ಅರ್ಥವಾಗುತ್ತಿದ್ದವು. ಹೇಳಬೇಕಾದದ್ದನ್ನು ಹೇಳಲಾಗದ ಸಿಟ್ಟು ಮಾತ್ರ ಬೆಳೆಯುತ್ತಲೇ ಹೋಯಿತು. ಒಮ್ಮೆ ತಾಯಿಯನ್ನು ಉಗ್ರಾಣದೊಳಗೆ ಕೂಡಿಹಾಕಿದಳು. ಇನ್ನೊಮ್ಮೆ ತಂಗಿ ಮಲಗಿದ್ದ ತೊಟ್ಟಿಲನ್ನೇ ಮಗುಚಿದಳು. ಇವಳನ್ನು ಎಲ್ಲಾದರೂ ಬಿಟ್ಟುಬಿಡುವುದು ಒಳ್ಳೆಯದೆಂದು ಬಂಧುಗಳು ಸಲಹೆ ಕೊಡತೊಡಗಿದರು.

ಕೇಟ್ ಚಾರ್ಲ್ಸ್ ಡಿಕನ್ಸ್‌ನ ಅಮೆರಿಕ ಪ್ರವಾಸ ಕಥನ ಓದಿದ್ದರು. ಅದರಲ್ಲಿ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯ ಲಾರಾ ಬ್ರಿಜ್‌ಮನ್ ಎಂಬ ಹುಡುಗಿಯ ಪ್ರಸ್ತಾಪವಿತ್ತು. ಆಕೆಗೂ ಕಣ್ಣು, ಕಿವಿ ಎರಡೂ ಇರಲಿಲ್ಲ, ಆದರೂ ಓದು ಬರಹ ಕಲಿತಿದ್ದಳು. ಆ ಒಂದು ಎಳೆ ಹಿಡಿದು ಕುಟುಂಬ ಬಾಲ್ಟಿಮೋರ್‌ನ ಕಣ್ಣಿನ ವೈದ್ಯರ ಬಳಿಗೆ ಹೋಯಿತು. ಅವರು ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರಲ್ಲಿಗೆ ಕಳಿಸಿದರು. ಬೆಲ್ ಪರ್ಕಿನ್ಸ್ ಶಾಲೆಗೆ ಬರೆಯಲು ಹೇಳಿದರು. ಶಾಲೆ ಒಬ್ಬ ಶಿಕ್ಷಕಿಯನ್ನು ಕಳಿಸಿಕೊಟ್ಟಿತು.

ಆಶ್ರಯಧಾಮದಿಂದ ಬಂದ ಶಿಕ್ಷಕಿ

1887ರ ಮಾರ್ಚ್ 3ರಂದು ಟಸ್ಕಂಬಿಯಾಕ್ಕೆ ಬಂದಿಳಿದ ಆನ್ ಸುಲಿವನ್‌ಗೆ ಆಗ ವಯಸ್ಸು 20. ಐರ್ಲೆಂಡಿನಿಂದ ವಲಸೆ ಬಂದ ಬಡ ಕುಟುಂಬದ ಮಗಳು. ಟ್ರಕೋಮಾ ಕಾಯಿಲೆಯಿಂದ ಕಣ್ಣು ಅರ್ಧ ಹೋಗಿತ್ತು. ತಾಯಿ ತೀರಿಕೊಂಡ ಮೇಲೆ ತಮ್ಮನ ಜತೆ ಟ್ಯೂಕ್ಸ್‌ಬರಿಯ ಬಡವರ ಆಶ್ರಯಧಾಮ ಸೇರಿದ್ದಳು. ಕೆಲವೇ ತಿಂಗಳಲ್ಲಿ ತಮ್ಮ ಅಲ್ಲೇ ಸತ್ತ. ಧಾಮದ ತಪಾಸಣೆಗೆ ಬಂದ ಅಧಿಕಾರಿಗಳ ಬಳಿ ತಾನು ಓದಬೇಕೆಂದು ಅಂಗಲಾಚಿ ಪರ್ಕಿನ್ಸ್ ಶಾಲೆ ಸೇರಿದ ಆನ್, ಆರು ವರ್ಷಗಳ ನಂತರ ತರಗತಿಯ ಮೊದಲ ಸ್ಥಾನದಲ್ಲಿ ಹೊರಬಂದಳು. ಬೆರಳುಗಳಿಂದ ಅಂಗೈಯಲ್ಲಿ ಅಕ್ಷರ ಮೂಡಿಸುವ ವಿದ್ಯೆಯನ್ನು ಅಲ್ಲೇ ವಾಸವಿದ್ದ ಲಾರಾ ಬ್ರಿಜ್‌ಮನ್ ಅವರ ಒಡನಾಟದಲ್ಲಿ ಕಲಿತಿದ್ದಳು.

ಹೀಗಾಗಿ ಹೆಲೆನ್‌ಗೆ ಸಿಕ್ಕಿದ ಭಾಷೆ ಆಕಾಶದಿಂದ ಇಳಿದದ್ದಲ್ಲ. ಒಬ್ಬ ಅಂಗವಿಕಲೆಯಿಂದ ಇನ್ನೊಬ್ಬಳಿಗೆ, ಅವಳಿಂದ ಮತ್ತೊಬ್ಬಳಿಗೆ ಕೈಯಿಂದ ಕೈಗೆ ದಾಟಿಬಂದದ್ದು.

ಆನ್ ಮೊದಲು ಕಲಿಸಿದ್ದು ಗೊಂಬೆ ಎಂಬರ್ಥದ ಪದವನ್ನು. ಹೆಲೆನ್ ಬೆರಳಾಟವನ್ನು ಅನುಕರಿಸಿದಳೇ ಹೊರತು ಅದು ವಸ್ತುವಿನ ಹೆಸರೆಂದು ಗೊತ್ತಾಗಲಿಲ್ಲ. ಊಟದ ಮೇಜಿನ ಬಳಿ ಇಬ್ಬರಿಗೂ ದೊಡ್ಡ ಕುಸ್ತಿಯೇ ನಡೆಯಿತು. ಮನೆಯವರ ಮುದ್ದಿನಿಂದ ದೂರವಿರಲೆಂದು ಆನ್ ಹುಡುಗಿಯನ್ನು ತೋಟದ ಪುಟ್ಟ ಮನೆಗೆ ಕರೆದೊಯ್ದರು. ಏಪ್ರಿಲ್ 5ರಂದು ಪಂಪಿನ ಬಳಿ ನೀರು ಮತ್ತು ಅದರ ಹೆಸರು ಒಂದಾದವು. ಕತ್ತಲಾಗುವ ಹೊತ್ತಿಗೆ ಹೆಲೆನ್ ಹತ್ತಾರು ಪದ ಕಲಿತಿದ್ದಳು.

12ನೇ ವಯಸ್ಸಿಗೆ ವಿಚಾರಣೆ

ಕೆಲವೇ ವರ್ಷಗಳಲ್ಲಿ ಹೆಲೆನ್ ದೇಶಕ್ಕೆಲ್ಲ ಗೊತ್ತಾದಳು. ಹೊಗಳಿಕೆಯ ಹಿಂದೆಯೇ ಅನುಮಾನವೂ ಬಂತು. 11ನೇ ವಯಸ್ಸಿನಲ್ಲಿ ಹಿಮದ ರಾಜನ ಬಗ್ಗೆ ಒಂದು ಕಥೆ ಬರೆದು ಪರ್ಕಿನ್ಸ್ ಶಾಲೆಯ ನಿರ್ದೇಶಕ ಮೈಕೆಲ್ ಅನಾಗ್ನೋಸ್ ಅವರಿಗೆ ಹುಟ್ಟುಹಬ್ಬದ ಕಾಣಿಕೆಯಾಗಿ ಕಳಿಸಿದಳು. ಅವರು ಅದನ್ನು ಹೆಮ್ಮೆಯಿಂದ ಅಚ್ಚು ಹಾಕಿಸಿದರು. ಅದು ಮಾರ್ಗರೆಟ್ ಕ್ಯಾನ್‌ಬಿ ಎಂಬ ಲೇಖಕಿಯ ಕಥೆಯನ್ನು ಹೋಲುತ್ತದೆಂದು ಬೇಗನೆ ಬಯಲಾಯಿತು. ಹಿಂದೆ ಯಾರೋ ಆ ಕಥೆಯನ್ನು ಅಂಗೈಯಲ್ಲಿ ಓದಿ ಹೇಳಿದ್ದರು, ಹೆಲೆನ್‌ಗೆ ಕಥೆ ನೆನಪಿತ್ತು, ಕೇಳಿದ್ದು ಮರೆತಿತ್ತು.

1892ರಲ್ಲಿ ಶಾಲೆಯವರು ಒಂದು ಸಮಿತಿ ಕೂರಿಸಿದರು. ಆನ್ ಅವರನ್ನು ಹೊರಗೆ ಕಳಿಸಿ ಹುಡುಗಿಯೊಬ್ಬಳನ್ನೇ ಪ್ರಶ್ನಿಸಿದರು. ಸಮಿತಿಯ ಅಭಿಪ್ರಾಯ ಸಮಸಮವಾಗಿ ಒಡೆಯಿತು. ಅನಾಗ್ನೋಸ್ ಅಂದು ಅವಳ ಪರ ನಿಂತರೂ ಮುಂದೆ ಮನಸ್ಸು ಬದಲಿಸಿದರು. ಮಕ್ಕಳು ಕೇಳಿದ ಕಥೆಯನ್ನು ತಮ್ಮದೆಂದು ಹೇಳುವುದು ಮಾಮೂಲಿ, ಅದಕ್ಕೆ ಯಾರೂ ವಿಚಾರಣೆ ನಡೆಸುವುದಿಲ್ಲ. ಹೆಲೆನ್ ಮುಂದೆ ಮತ್ತೆಂದೂ ಕಾಲ್ಪನಿಕ ಕಥೆ ಬರೆಯಲಿಲ್ಲ. ತಾನು ಬರೆದದ್ದು ತನ್ನದೇ ಹೌದೋ ಅಲ್ಲವೋ ಎಂಬ ಅಳುಕು ಬಹಳ ಕಾಲ ಕಾಡಿತು.

ಅಳುಕಿನ ನಡುವೆಯೂ ಓದು ನಿಲ್ಲಲಿಲ್ಲ. 1900ರಲ್ಲಿ ಹಾರ್ವರ್ಡ್‌ನ ಮಹಿಳಾ ಕಾಲೇಜು ರ್‍ಯಾಡ್‌ಕ್ಲಿಫ್ ಸೇರಿದರು. ಬ್ರೈಲ್‌ನಲ್ಲಿ ಸಿಗುತ್ತಿದ್ದ ಪಠ್ಯಗಳು ಬೆರಳೆಣಿಕೆಯಷ್ಟು. ಆನ್ ತಮ್ಮ ದುರ್ಬಲ ಕಣ್ಣುಗಳಿಂದ ಓದಿ, ಪಾಠ ಕೇಳಿ, ಎಲ್ಲವನ್ನೂ ಅಂಗೈಗೆ ದಾಟಿಸಿದರು. ಖರ್ಚಿಗೆ ಮಾರ್ಕ್ ಟ್ವೇನ್ ತಮ್ಮ ಶ್ರೀಮಂತ ಗೆಳೆಯ ಹೆನ್ರಿ ರೋಜರ್ಸ್ ಅವರಿಂದ ನೆರವು ಕೊಡಿಸಿದರು. ಕಾಲೇಜಿನಲ್ಲಿದ್ದಾಗಲೇ, 1903ರಲ್ಲಿ, ಆತ್ಮಕಥೆ ಹೊರಬಂತು. 1904ರಲ್ಲಿ ಪದವಿ ಪಡೆದಾಗ, ದೃಷ್ಟಿ ಮತ್ತು ಶ್ರವಣ ಎರಡೂ ಇಲ್ಲದೆ ಬಿ.ಎ. ಪೂರೈಸಿದ ಮೊದಲ ವ್ಯಕ್ತಿ ಎನಿಸಿದರು.

ಕುರುಡುತನಕ್ಕೆ ಕಾರಣ ಹುಡುಕುತ್ತಾ

1906ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಅಂಧರಿಗಾಗಿ ರಚಿಸಿದ ಆಯೋಗಕ್ಕೆ ಹೆಲೆನ್ ಸದಸ್ಯೆಯಾದರು. ಅಂಕಿಅಂಶ ಓದುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಬಹಳಷ್ಟು ಕುರುಡುತನ ವಿಧಿಬರಹವಲ್ಲ, ತಡೆಯಬಹುದಾದದ್ದು.

ಹುಟ್ಟುತ್ತಲೇ ಕಣ್ಣು ಕಳೆದುಕೊಳ್ಳುವ ಶಿಶುಗಳಲ್ಲಿ ಅನೇಕರಿಗೆ ತಾಯಿಯಿಂದ ಗೊನೊರಿಯಾ ಸೋಂಕು ತಗುಲಿರುತ್ತಿತ್ತು, ತಾಯಿಗೆ ಅದು ಗಂಡನಿಂದ ಬಂದಿರುತ್ತಿತ್ತು. ಹುಟ್ಟಿದ ಕೂಡಲೇ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದರೆ ಮಗುವಿನ ದೃಷ್ಟಿ ಉಳಿಯುತ್ತಿತ್ತು. ಲೈಂಗಿಕ ರೋಗದ ಹೆಸರೆತ್ತುವುದೇ ಅಸಭ್ಯವೆಂದು ಪತ್ರಿಕೆಗಳು ಮೌನವಾಗಿದ್ದ ಕಾಲ ಅದು. 1907ರಲ್ಲಿ ಹೆಲೆನ್ ಲಕ್ಷಾಂತರ ಗೃಹಿಣಿಯರು ಓದುತ್ತಿದ್ದ ಲೇಡೀಸ್ ಹೋಮ್ ಜರ್ನಲ್‌ನಲ್ಲಿ ಅದನ್ನು ಬರೆದರು.

ಇನ್ನಷ್ಟು ಜನ ಕಾರ್ಖಾನೆಗಳಲ್ಲಿ ಕಣ್ಣು ಕಳೆದುಕೊಳ್ಳುತ್ತಿದ್ದರು. ಯಂತ್ರಗಳಿಗೆ ರಕ್ಷಣೆ ಇರಲಿಲ್ಲ, ಕೊಳೆಗೇರಿಗಳಲ್ಲಿ ವೈದ್ಯರಿರಲಿಲ್ಲ. ಬಡತನಕ್ಕೂ ಅಂಗವೈಕಲ್ಯಕ್ಕೂ ನಂಟಿದೆ ಎಂದು ಅರಿತ ಹೆಲೆನ್ 1909ರಲ್ಲಿ ಸಮಾಜವಾದಿ ಪಕ್ಷ ಸೇರಿದರು. 1912ರಲ್ಲಿ ಲಾರೆನ್ಸ್ ಊರಿನ ಜವಳಿ ಕಾರ್ಮಿಕರ ಮುಷ್ಕರವನ್ನು ಬೆಂಬಲಿಸಿದರು. ಮಹಿಳೆಯರ ಮತದಾನದ ಹಕ್ಕಿಗಾಗಿ ದನಿಯೆತ್ತಿದರು. 1916ರ ಜನವರಿಯಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ನಿಂತು, ಯುದ್ಧಕ್ಕೆ ಕೈ ಜೋಡಿಸಬೇಡಿ ಎಂದು ಕಾರ್ಮಿಕರಿಗೆ ಕರೆ ಕೊಟ್ಟರು.

ಮೊನ್ನೆಯವರೆಗೆ ಹೊಗಳುತ್ತಿದ್ದ ಪತ್ರಿಕೆಗಳ ರಾಗ ಆಗ ಬದಲಾಯಿತು. ಬ್ರೂಕ್ಲಿನ್ ಈಗಲ್ ಪತ್ರಿಕೆ, ಆಕೆಯ ತಪ್ಪು ಅಭಿಪ್ರಾಯಗಳಿಗೆ ಆಕೆಯ ದೈಹಿಕ ಮಿತಿಯೇ ಕಾರಣವೆಂದು ಬರೆಯಿತು. ಹೆಲೆನ್ ಸುಮ್ಮನಾಗಲಿಲ್ಲ. ಅದೇ ಸಂಪಾದಕರು ಹಿಂದೊಮ್ಮೆ ಭೇಟಿಯಾದಾಗ ಮುಜುಗರವಾಗುವಷ್ಟು ಹೊಗಳಿದ್ದನ್ನು ನೆನಪಿಸಿ, ಸಮಾಜದ ಕಷ್ಟಗಳ ಬಗ್ಗೆ ಪತ್ರಿಕೆಯೇ ಕುರುಡಾಗಿದೆ, ಕಿವುಡಾಗಿದೆ ಎಂದು ತಿರುಗೇಟು ಕೊಟ್ಟರು.

1916ರಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಗೆ 100 ಡಾಲರ್ ದೇಣಿಗೆಯೊಂದಿಗೆ ಪತ್ರ ಬರೆದು, ತನ್ನ ಹುಟ್ಟೂರಿನ ಸೀಮೆಯಲ್ಲಿ ನಡೆಯುತ್ತಿರುವ ಅನ್ಯಾಯಕ್ಕೆ ನಾಚಿಕೆಪಟ್ಟರು. ಆ ಪತ್ರ ಸಂಘಟನೆಯ ಪತ್ರಿಕೆಯಲ್ಲಿ ಅಚ್ಚಾದಾಗ ಅಲಬಾಮಾದ ಬಿಳಿಯರು ಕಿಡಿಕಾರಿದರು, ಮನೆಯವರೂ ಇರುಸುಮುರುಸುಗೊಂಡರು. ನಾಗರಿಕ ಹಕ್ಕುಗಳ ರಕ್ಷಣೆಗಾಗಿ 1920ರಲ್ಲಿ ಹುಟ್ಟಿದ ಎಸಿಎಲ್‌ಯು ಸಂಸ್ಥೆಯ ಸ್ಥಾಪಕರಲ್ಲೂ ಹೆಲೆನ್ ಒಬ್ಬರು.

ಸಮರ್ಥಿಸಲಾಗದ ಒಂದು ಲೇಖನ

ಆಕೆಯ ಬದುಕನ್ನು ಪೂರ್ತಿ ಹೇಳುವವರು 1915ನ್ನು ದಾಟಿಹೋಗುವಂತಿಲ್ಲ. ಆ ವರ್ಷ ಚಿಕಾಗೊದಲ್ಲಿ ಹಲವು ದೈಹಿಕ ದೋಷಗಳೊಂದಿಗೆ ಮಗುವೊಂದು ಹುಟ್ಟಿತು. ಶಸ್ತ್ರಚಿಕಿತ್ಸೆಯಿಂದ ಉಳಿಸುವ ಸಾಧ್ಯತೆ ಇದ್ದರೂ ವೈದ್ಯ ಹ್ಯಾರಿ ಹೇಸೆಲ್ಡನ್ ಚಿಕಿತ್ಸೆ ನಿರಾಕರಿಸಿದರು, ಮಗು ಸತ್ತಿತು. ದೇಶದಲ್ಲಿ ದೊಡ್ಡ ಚರ್ಚೆಯಾಯಿತು. ಹೆಲೆನ್ ದಿ ನ್ಯೂ ರಿಪಬ್ಲಿಕ್ ಪತ್ರಿಕೆಯಲ್ಲಿ ವೈದ್ಯರನ್ನು ಬೆಂಬಲಿಸಿದರು. ಇಂಥ ಮಕ್ಕಳು ಬದುಕಬೇಕೇ ಬೇಡವೇ ಎಂಬುದನ್ನು ತಜ್ಞ ವೈದ್ಯರ ಮಂಡಳಿ ತೀರ್ಮಾನಿಸಲಿ ಎಂದು ಸೂಚಿಸಿದರು.

ಉತ್ತಮ ಸಂತಾನವಷ್ಟೇ ಉಳಿಯಬೇಕೆಂಬ ಸುಪ್ರಜನನ ವಾದ ಆಗ ಅಮೆರಿಕದ ಪ್ರಗತಿಪರರಲ್ಲೂ ಬೇರೂರಿತ್ತು. ಆದರೆ ಅದೇ ಅಳತೆಗೋಲು ಹಿಡಿದಿದ್ದರೆ ಟಸ್ಕಂಬಿಯಾದ ಹುಡುಗಿಯ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಮುಂದೆ ಆಕೆಯ ನಿಲುವು ಬದಲಾಯಿತು. 1938ರಲ್ಲಿ ಕಣ್ಣಿನ ಗೆಡ್ಡೆಯಿಂದ ನರಳುತ್ತಿದ್ದ ಚಿಕಾಗೊದ ಶಿಶುವೊಂದರ ಪ್ರಕರಣದಲ್ಲಿ, ದೃಷ್ಟಿ ಹೋದರೂ ಸರಿ, ಶಸ್ತ್ರಚಿಕಿತ್ಸೆ ಮಾಡಿಸಿ ಜೀವ ಉಳಿಸಿ ಎಂದು ಆಕೆ ಒತ್ತಾಯಿಸಿದರು.

ಕಿವುಡ ಸಮುದಾಯಕ್ಕೂ ಆಕೆಯ ಮೇಲೆ ಒಂದು ತಕರಾರಿದೆ. ಆಕೆಯ ಹಿತೈಷಿಯಾಗಿದ್ದ ಬೆಲ್ ಕಿವುಡ ಮಕ್ಕಳಿಗೆ ಸನ್ನೆ ಭಾಷೆ ಬೇಡ, ಬಾಯಿಮಾತನ್ನೇ ಕಲಿಸಬೇಕು ಎನ್ನುತ್ತಿದ್ದವರು. ಹೆಲೆನ್ ಕೂಡ ಜೀವನವಿಡೀ ಮಾತು ಸ್ಪಷ್ಟಪಡಿಸಿಕೊಳ್ಳಲು ಹೆಣಗಿದರು. ಆ ಉದಾಹರಣೆಯನ್ನು ಮುಂದಿಟ್ಟು ಸನ್ನೆ ಭಾಷೆಯನ್ನು ಬದಿಗೊತ್ತಿದ್ದು ಸಾವಿರಾರು ಮಕ್ಕಳಿಗೆ ನಷ್ಟವಾಯಿತೆಂಬುದು ಆ ಸಮುದಾಯದ ನೋವು.

ಬೇರೆಯವರು ಬರೆದ ತೀರ್ಪು

ಸಾರ್ವಜನಿಕವಾಗಿ ಇಷ್ಟು ದಿಟ್ಟವಾಗಿದ್ದ ಹೆಲೆನ್‌ಗೆ ಸ್ವಂತ ಬದುಕಿನಲ್ಲಿ ಅಂಥ ಸ್ವಾತಂತ್ರ್ಯವಿರಲಿಲ್ಲ. 1916ರಲ್ಲಿ ಕಾರ್ಯದರ್ಶಿಯಾಗಿದ್ದ ಪೀಟರ್ ಫೇಗನ್ ಎಂಬ ಯುವ ಪತ್ರಕರ್ತನೊಂದಿಗೆ ಪ್ರೀತಿ ಬೆಳೆಯಿತು. ಮದುವೆ ಪರವಾನಗಿಗೆ ಅರ್ಜಿ ಹಾಕಿದ್ದು ಪತ್ರಿಕೆಗಳಿಗೆ ಗೊತ್ತಾಗಿ ಸುದ್ದಿಯಾಯಿತು. ಆಕೆಗಾಗ 36 ವರ್ಷ. ಅಂಗವಿಕಲ ಹೆಣ್ಣಿಗೆ ಮದುವೆ ಸಲ್ಲದೆಂದು ನಂಬಿದ್ದ ಮನೆಯವರು ಆಕೆಯನ್ನು ಅಲಬಾಮಾಕ್ಕೆ ಕರೆದೊಯ್ದರು. ಫೇಗನ್ ಅಲ್ಲಿಗೂ ಬಂದ, ಓಡಿಹೋಗುವ ಯೋಚನೆಯೂ ನಡೆಯಿತು, ಕೊನೆಗೆ ಏನೂ ಕೈಗೂಡಲಿಲ್ಲ. ಕಾಲೇಜು ಪದವಿ, ಪುಸ್ತಕಗಳು, ಖ್ಯಾತಿ ಎಲ್ಲ ಇದ್ದೂ ಆಕೆಯ ಪರವಾಗಿ ಬೇರೆಯವರು ನಿರ್ಧರಿಸಿದರು.

ಹೊಟ್ಟೆಪಾಡೂ ಸುಲಭವಿರಲಿಲ್ಲ. ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕೊಡಬಯಸಿದ ಪಿಂಚಣಿಯನ್ನು ತತ್ವದ ಕಾರಣಕ್ಕೆ ಒಮ್ಮೆ ನಿರಾಕರಿಸಿ, ಆನ್ ಅವರ ಆರೋಗ್ಯ ಕೆಟ್ಟಾಗ 1913ರಲ್ಲಿ ಒಪ್ಪಿಕೊಳ್ಳಬೇಕಾಯಿತು. 1920ರಿಂದ ನಾಲ್ಕು ವರ್ಷ ಹಾಡು, ನೃತ್ಯ, ಹಾಸ್ಯಗಳ ನಡುವೆ ವಾಡ್‌ವಿಲ್ ರಂಗದ ಮೇಲೆ ಆನ್ ಜತೆ ಪ್ರದರ್ಶನ ಕೊಟ್ಟರು. ಅದನ್ನು ಕೀಳೆಂದು ಮೂಗು ಮುರಿದವರಿದ್ದರು. ಹೆಲೆನ್ ಮಾತ್ರ ಪ್ರೇಕ್ಷಕರ ಪ್ರಶ್ನೆಗಳಿಗೆ ಚುರುಕಾಗಿ ಉತ್ತರಿಸುತ್ತಾ ಅದನ್ನು ಆನಂದಿಸಿದರು.

1924ರಿಂದ ಅಮೆರಿಕದ ಅಂಧರ ಪ್ರತಿಷ್ಠಾನದ ಕೆಲಸ ಶುರುವಾಯಿತು. ಸಾಯುವವರೆಗೂ, 44 ವರ್ಷ, ಅದರ ಮುಖವಾಗಿದ್ದರು. 1925ರಲ್ಲಿ ಲಯನ್ಸ್ ಕ್ಲಬ್‌ಗಳ ಸಮಾವೇಶದಲ್ಲಿ ಅಂಧತ್ವದ ವಿರುದ್ಧ ಕೆಲಸ ಮಾಡುವಂತೆ ಕೇಳಿಕೊಂಡರು. ಇಂದಿಗೂ ನಮ್ಮ ಊರುಗಳಲ್ಲಿ ಲಯನ್ಸ್ ಕ್ಲಬ್‌ಗಳು ನೇತ್ರ ತಪಾಸಣಾ ಶಿಬಿರ ನಡೆಸುವುದರ ಮೂಲ ಅಲ್ಲಿದೆ. ಧ್ವನಿಮುದ್ರಿತ ಪುಸ್ತಕಗಳಿಗೆ, 1935ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ಅಂಧರಿಗೆ ನೆರವು ಸೇರಿಸುವುದಕ್ಕೆ ಸರ್ಕಾರದ ಬಾಗಿಲು ತಟ್ಟಿದರು. ದೇಣಿಗೆ ಎತ್ತುವ ಕೆಲಸಕ್ಕೆ ರಾಜಕೀಯ ಅಡ್ಡಿಯಾಗುತ್ತದೆಂದು ಎಡಪಂಥೀಯ ಮಾತುಗಳು ವೇದಿಕೆಯಿಂದ ಮರೆಯಾಗುತ್ತಾ ಬಂದವು. ಆದರೂ ತನಿಖಾ ಸಂಸ್ಥೆ ಎಫ್‌ಬಿಐ ಆಕೆಯ ಹೆಸರಲ್ಲಿ ಕಡತ ಇಟ್ಟಿತ್ತು. 1933ರಲ್ಲಿ ನಾಜಿಗಳು ಸುಟ್ಟ ಪುಸ್ತಕಗಳಲ್ಲಿ ಆಕೆಯದೂ ಇತ್ತು.

1936ರ ಅಕ್ಟೋಬರ್‌ನಲ್ಲಿ ಆನ್ ಸುಲಿವನ್ ತೀರಿಕೊಂಡರು. 49 ವರ್ಷ ಜತೆಗಿದ್ದ ಕೈ ತಣ್ಣಗಾಯಿತು. ಟೀಚರ್ ಇಲ್ಲದೆ ಹೆಲೆನ್ ಇಲ್ಲ ಎಂದುಕೊಂಡವರು ಬಹಳ. ಆದರೆ 1914ರಿಂದ ಜತೆಗಿದ್ದ ಪಾಲಿ ಥಾಮ್ಸನ್ ಅವರ ನೆರವಿನಿಂದ ಹೆಲೆನ್ ಮರುವರ್ಷವೇ ಜಪಾನ್ ಪ್ರವಾಸ ಹೊರಟರು. 1946ರಲ್ಲಿ ಮನೆಗೆ ಬೆಂಕಿ ಬಿದ್ದು ಆನ್ ಕುರಿತು ಬರೆದಿಟ್ಟಿದ್ದ ಹಸ್ತಪ್ರತಿ ಬೂದಿಯಾಯಿತು. ಮತ್ತೆ ಮೊದಲಿನಿಂದ ಬರೆದು 1955ರಲ್ಲಿ ಪ್ರಕಟಿಸಿದರು.

74ರ ವಯಸ್ಸಿನಲ್ಲಿ ಭಾರತಕ್ಕೆ

1946ರಿಂದ 1957ರ ನಡುವೆ ಹೆಲೆನ್ 35 ದೇಶ ಸುತ್ತಿದರು. 1948ರಲ್ಲಿ ಅಣುಬಾಂಬ್ ಬಿದ್ದ ಹಿರೋಷಿಮಾ, ನಾಗಸಾಕಿಗೆ ಹೋದರು. 1955ರಲ್ಲಿ ಐದು ತಿಂಗಳ ಏಷ್ಯಾ ಪ್ರವಾಸದಲ್ಲಿ ಸುಮಾರು 40,000 ಮೈಲಿ ಸಂಚರಿಸಿದಾಗ ಭಾರತಕ್ಕೂ ಬಂದರು. ದೆಹಲಿಯಲ್ಲಿ ಪ್ರಧಾನಿ ನೆಹರೂ ಅವರನ್ನು ಭೇಟಿಯಾಗಿ, ಅವರ ಮುಖವನ್ನು ಬೆರಳುಗಳಿಂದ ಮುಟ್ಟಿ ಅರಿತ ಚಿತ್ರ ಪ್ರಸಿದ್ಧವಾಗಿದೆ. ದೆಹಲಿ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು.

ಆಕೆ ಬಂದದ್ದು ಸರಿಯಾದ ಹೊತ್ತಿಗೆ. ಭಾರತೀಯ ಭಾಷೆಗಳಿಗೆಲ್ಲ ಒಂದೇ ತಳಹದಿಯ ಭಾರತಿ ಬ್ರೈಲ್ ರೂಪುಗೊಂಡು ಆಗಷ್ಟೇ ನಾಲ್ಕು ವರ್ಷವಾಗಿತ್ತು. ಅಂಧರ ರಾಷ್ಟ್ರೀಯ ಸಂಘ ಮುಂಬೈಯಲ್ಲಿ 1952ರಲ್ಲಿ ಹುಟ್ಟಿತ್ತು. ಆದರೆ ಕಣ್ಣು ಮತ್ತು ಕಿವಿ ಎರಡೂ ಇಲ್ಲದವರು ಯಾರ ಲೆಕ್ಕದಲ್ಲೂ ಇರಲಿಲ್ಲ. ಅಂಧರ ಶಾಲೆಯಲ್ಲಿ ಪಾಠ ಕೇಳಿಸದು, ಕಿವುಡರ ಶಾಲೆಯಲ್ಲಿ ಸನ್ನೆ ಕಾಣದು. ಅಂಥವರಿಗಾಗಿ ಮುಂಬೈಯಲ್ಲಿ ಹೆಲೆನ್ ಕೆಲ್ಲರ್ ಹೆಸರಿನಲ್ಲೇ ಸಂಸ್ಥೆಯೊಂದು ಶುರುವಾದದ್ದು 1977ರಲ್ಲಿ. ಅಂಗವಿಕಲರ ಕುರಿತ 1995ರ ಕಾಯ್ದೆಯ ಪಟ್ಟಿಯಲ್ಲೂ ಅವರಿಗೆ ಪ್ರತ್ಯೇಕ ಜಾಗ ಸಿಗಲಿಲ್ಲ. ಕಾನೂನಿನಲ್ಲಿ ಆ ಹೆಸರು ಬಂದದ್ದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ 2016ರ ಕಾಯ್ದೆಯಲ್ಲಿ. ಪಂಪಿನ ಘಟನೆ ನಡೆದು ಆಗ 129 ವರ್ಷವಾಗಿತ್ತು.

ಮುಗಿಯದ ಅನುಮಾನ

1960ರಲ್ಲಿ ಪಾಲಿ ಥಾಮ್ಸನ್ ತೀರಿಕೊಂಡರು. 1961ರಿಂದ ಪಾರ್ಶ್ವವಾಯುವಿನ ಆಘಾತಗಳಾಗಿ ಹೆಲೆನ್ ಸಾರ್ವಜನಿಕ ಬದುಕಿನಿಂದ ದೂರ ಸರಿದರು. 1964ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವ ಸಂದಿತು. 1968ರ ಜೂನ್ 1ರಂದು ಕನೆಕ್ಟಿಕಟ್‌ನ ಮನೆಯಲ್ಲಿ ನಿದ್ದೆಯಲ್ಲೇ ಕೊನೆಯುಸಿರೆಳೆದರು. ಚಿತಾಭಸ್ಮವನ್ನು ವಾಷಿಂಗ್ಟನ್‌ನ ರಾಷ್ಟ್ರೀಯ ಕೆಥೆಡ್ರಲ್‌ನಲ್ಲಿ ಆನ್ ಮತ್ತು ಪಾಲಿ ಅವರ ಪಕ್ಕದಲ್ಲೇ ಇರಿಸಲಾಗಿದೆ.

ಅಷ್ಟರೊಳಗೆ ಪಂಪಿನ ದೃಶ್ಯ ನಾಟಕವಾಗಿ, 1962ರಲ್ಲಿ ಸಿನಿಮಾ ಆಗಿ ಲೋಕವನ್ನೆಲ್ಲ ಸುತ್ತಿತ್ತು. ಹಿಂದಿಯಲ್ಲಿ 2005ರಲ್ಲಿ ಬಂದ ಬ್ಲ್ಯಾಕ್ ಸಿನಿಮಾದ ಹಿಂದೆಯೂ ಅದೇ ಬಾಲ್ಯದ ನೆರಳಿದೆ. ಬೆಳೆದ ಹೆಲೆನ್‌ಗೆ ಅಷ್ಟು ಪ್ರೇಕ್ಷಕರು ಸಿಗಲಿಲ್ಲ.

2021ರ ಆರಂಭದಲ್ಲಿ, ಸಾಕ್ಷ್ಯಚಿತ್ರ ಬರುವ ಕೆಲವು ತಿಂಗಳ ಮುಂಚೆ, ಸಾಮಾಜಿಕ ಜಾಲತಾಣಗಳಲ್ಲಿ ಒಂದು ಮಾತು ಹರಿದಾಡಿತು. ಹೆಲೆನ್ ಕೆಲ್ಲರ್ ಎಂಬುದೇ ಸುಳ್ಳು, ಕಣ್ಣು ಕಿವಿ ಇಲ್ಲದವರು ಪುಸ್ತಕ ಬರೆಯಲು ಸಾಧ್ಯವೇ ಇಲ್ಲ ಎಂದು ಹದಿಹರೆಯದವರು ವಿಡಿಯೊ ಮಾಡಿ ಹಂಚಿಕೊಂಡರು. ಹಲವರಿಗೆ ಅದು ತಮಾಷೆ. ಆದರೆ 1892ರ ಸಮಿತಿ ಕೇಳಿದ್ದೂ, 1912ರ ಸಂಪಾದಕ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ. ಇಂಥವರಿಗೆ ಸ್ವಂತ ಬುದ್ಧಿ ಇರಲಾರದು ಎಂಬ ನಂಬಿಕೆ 129 ವರ್ಷಗಳಲ್ಲಿ ಮಾಧ್ಯಮವನ್ನಷ್ಟೇ ಬದಲಿಸಿತ್ತು.

ಆ ಅನುಮಾನಕ್ಕೆ ಪವಾಡದ ಕಥೆಯೂ ಒಂದಿಷ್ಟು ಗೊಬ್ಬರ ಹಾಕಿದೆ. ಪವಾಡವೆಂದು ಕೇಳಿದ್ದನ್ನು ಮುಂದಿನ ತಲೆಮಾರು ಪವಾಡವೆಂದೇ ತಳ್ಳಿಹಾಕುತ್ತದೆ. ಹೆಲೆನ್ ಕೆಲ್ಲರ್ ಅವರ ಬದುಕಿನಲ್ಲಿ ಪವಾಡ ಕಡಿಮೆ, ಏರ್ಪಾಡು ಹೆಚ್ಚು. ಕಲಿಸಿದ ಶಾಲೆ, ಅಂಗೈಗೆ ಅಕ್ಷರ ದಾಟಿಸುವ ಶಿಕ್ಷಕಿ, ಬ್ರೈಲ್ ಪುಸ್ತಕ, ಖರ್ಚಿಗೆ ಹಣ ಎಲ್ಲವೂ ಆಕೆಗೆ ಸಿಕ್ಕಿದ್ದವು. ಸಿಕ್ಕದ ಮಕ್ಕಳು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರಿಗೆ ಸಿಗಲೆಂದೇ ಆಕೆ 44 ವರ್ಷ ಊರೂರು ಅಲೆದರು.